ಸುಚಿಂಗಳ ಸಿಗಡಿ ತೊಟ್ಟಿ, ಚಿನ್‌ಶೆಂಗನ ಬಾವಿ

ತ್ಸೆಂಗ್ ಸುಚಿಂಗ್ ನನ್ನ ತಿಂಡಿ ಅಂಗಡಿಯ ಎದುರು ಮನೆಯವಳು. ನನಗಿಂತ ಹಿರಿಯಳು, ಹಾಗಾಗಿ ನಾನು ಅಕ್ಕ ಎಂದೇ ಕರೆಯುವುದು. ಪಿಂಗ್‌ತುಂಗ್ ಪೇಟೆಯ ಆಚೆ ಬಣ್ಣದ ಮೀನು, ಸಿಗಡಿ ಸಾಕಿ ಹೊರದೇಶಕ್ಕೆ ಕಳಿಸುವ ಒಂದು ಕೇಂದ್ರವಿದೆ. ಮದುವೆಯಾದ ಮೇಲಿನ ಅವಳ ವಯಸ್ಸೆಲ್ಲ ಅಲ್ಲಿಯೇ ಕಳೆಯಿತು. ಉಗುರಿಗಿಂತ ಸ್ವಲ್ಪ ದೊಡ್ಡದಿರುವ ಕೆಂಪು ಬಿಳಿ ಪಟ್ಟೆಯ ಸಿಗಡಿಗಳನ್ನು ದೀಪದ ಕೆಳಗೆ ಕೂತು ಆರಿಸುವುದು ಅವಳ ಕೆಲಸ. ಪಟ್ಟೆ ನೇರವಾಗಿದ್ದರೆ ಒಂದು ಕಡೆ, ಕದಡಿದ್ದರೆ ಇನ್ನೊಂದು ಕಡೆ. ಕದಡಿದವನ್ನು ಎಸೆಯುತ್ತಿದ್ದರು. ಅವಳು ಮಾಲೀಕನನ್ನು ಕೇಳಿ ಅವನ್ನೇ ಒಂದು ಚೀಲದಲ್ಲಿ ನೀರಿನ ಸಮೇತ ಮನೆಗೆ ತಂದು, ಮುಂದಿನ ಕೋಣೆಯ ಕಿಟಕಿಯ ಬಳಿ ಒಂದು ಸಣ್ಣ ಗಾಜಿನ ತೊಟ್ಟಿಯಲ್ಲಿ ಬಿಟ್ಟಳು. ತಳದಲ್ಲಿ ಕಪ್ಪು ಮಣ್ಣು, ಅದರ ಮೇಲೆ ಹುಲ್ಲಿನಂಥ ಗಿಡ, ಒಂದು ವಕ್ರ ಕೊರಡು, ಕೊರಡಿನ ಮೇಲೆ ಪಾಚಿಯಂಥ ಹಸಿರು. ಸಿಗಡಿಗಳು ಅದರೊಳಗೆ ಮೇಯುತ್ತಿದ್ದವು.

ಅವಳ ಗಂಡ ಚಿನ್‌ಶೆಂಗ್ ನಗುತ್ತಿದ್ದ. ಊರಿನವರೆಲ್ಲ ತಿನ್ನುವುದಕ್ಕೆ ಸಿಗಡಿ ತಂದರೆ ನನ್ನ ಹೆಂಡತಿ ಸಿಗಡಿಗೆ ತಿನ್ನಿಸುವುದಕ್ಕೆ ತರುತ್ತಾಳೆ ಎಂದು ನನ್ನ ಅಂಗಡಿಯಲ್ಲಿ ಕೂತು ಹೇಳುವನು. ಅವನದು ಕೊಳವೆಬಾವಿ ಕೊರೆಯುವ ಕೆಲಸ. ಊರೂರಿಗೆ ಯಂತ್ರ ಹೊತ್ತುಕೊಂಡು ಹೋಗುತ್ತಿದ್ದವನು ಮದುವೆಯಾದ ವರ್ಷ ತನ್ನ ಅಂಗಳದಲ್ಲಿಯೇ ಒಂದು ಕೊರೆದ. ಆ ನೀರು ಬೇಸಿಗೆಯಲ್ಲೂ ತಣ್ಣಗೆ, ಕುಡಿದರೆ ನಾಲಿಗೆಯ ಮೇಲೆ ಸಿಹಿ. ಅದನ್ನು ನೋಡಿ ಓಣಿಯವರೆಲ್ಲ ಅವನಿಂದಲೇ ಬಾವಿ ಕೊರೆಸಿಕೊಂಡೆವು. ಮುಂದೆ ಸರ್ಕಾರದವರು ದೊಡ್ಡ ರಸ್ತೆಯಲ್ಲಿ ನಲ್ಲಿ ಕೊಳವೆ ಹಾಕಿ, ಯಾರಿಗೆ ಸಂಪರ್ಕ ಬೇಕು ಎಂದು ಕೇಳಿಕೊಂಡು ಬಂದಾಗ, ಕಾಲ ಕೆಳಗೆ ಇಂಥ ನೀರಿಟ್ಟುಕೊಂಡು ಔಷಧಿ ವಾಸನೆಯ ನೀರು ಕುಡಿಯೋದಾ ಎಂದು ಅವರನ್ನು ಸಾಗಹಾಕಿದ. ಅವನು ಹೇಳಿದ್ದೇ ನಮಗೂ ಸರಿ ಎನಿಸಿತು. ಒಂದು ಚಳಿಗಾಲದ ಬೆಳಿಗ್ಗೆ ಹಲ್ಲುಜ್ಜುವಾಗ ಕುಸಿದವನು ಮತ್ತೆ ಏಳಲಿಲ್ಲ. ಅಂದಿನಿಂದ ಸುಚಿಂಗ್ ದಿನಾ ಬೆಳಿಗ್ಗೆ ಅವನ ಪಟದ ಮುಂದೆ ಊದುಬತ್ತಿ ಹಚ್ಚಿ, ಅವನ ಬಾವಿಯ ನೀರನ್ನೇ ಒಂದು ಬಟ್ಟಲಲ್ಲಿ ಇಡುತ್ತಿದ್ದಳು.

ಮಗ ಪೊಯೆನ್ ಕಾವ್‌ಶ್ಯುಂಗ್ ಬಂದರಿನಲ್ಲಿ ಕ್ರೇನ್ ಓಡಿಸುತ್ತಾನೆ. ಸೊಸೆ ಪೇಯ್ರು ಅಲ್ಲಿಯೇ ಒಂದು ಹಡಗು ಕಚೇರಿಯಲ್ಲಿ ಲೆಕ್ಕದ ಕೆಲಸದಲ್ಲಿದ್ದಾಳೆ. ಅವರಿಗೆ ಹೆಣ್ಣು ಮಗು ಹುಟ್ಟಿತು, ಕರೆಯುವ ಹೆಸರು ನ್ಯೂನ್ಯೂ. ಬಾಣಂತನ ಮುಗಿದು ರಜೆಯೂ ಮುಗಿದ ಮೇಲೆ ನಮ್ಮಲ್ಲಿ ಎಲ್ಲರೂ ಮಾಡುವಂತೆ ಅವರೂ ಮಾಡಿದರು: ಭಾನುವಾರ ಸಂಜೆ ಮಗುವನ್ನು ಅಜ್ಜಿಯ ಮನೆಗೆ ತಂದುಬಿಡುವುದು, ಶುಕ್ರವಾರ ಸಂಜೆ ಬಂದು ಕರೆದೊಯ್ಯುವುದು. ಸುಚಿಂಗ್ ಕೆಲಸ ಬಿಟ್ಟಳು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಮೂಲಂಗಿ ಕಡುಬು ತೆಗೆದುಕೊಳ್ಳಲು ನನ್ನ ಅಂಗಡಿಗೆ ಬರುವಾಗ ಅವಳ ಮುಖ ನೋಡಬೇಕಿತ್ತು.

ಆ ವರ್ಷ ಮೇ ತಿಂಗಳ ಜಡಿಮಳೆ ಬಿಟ್ಟೂಬಿಡದೆ ಹೊಡೆಯಿತು. ಮಳೆ ನಿಂತ ಮೇಲೆ ತೊಟ್ಟಿಯಲ್ಲಿ ಸಿಗಡಿಗಳು ಸಾಯತೊಡಗಿದವು.

ಮೊದಲು ಒಂದೊಂದು. ಬೆಳಿಗ್ಗೆ ಎದ್ದು ನೋಡಿದರೆ ಹುಲ್ಲಿನ ಮಧ್ಯೆ ಬೆಂದ ಸಿಗಡಿಯಂತೆ ಗುಲಾಬಿ ಬಣ್ಣಕ್ಕೆ ತಿರುಗಿ ಬಿದ್ದಿರುತ್ತಿತ್ತು. ಗಾಜಿಗೆ ಪಾಚಿ ಕಟ್ಟಿತು. ಮೊಟ್ಟೆ ಹೊತ್ತಿದ್ದ ಹೆಣ್ಣು ಸಿಗಡಿಗಳು ಮೊಟ್ಟೆಗಳನ್ನು ಉದುರಿಸಿಬಿಟ್ಟವು. ಇಷ್ಟು ವರ್ಷ ಅವಳು ಆ ನೀರನ್ನು ಅಳತೆ ಮಾಡಿ ನೋಡಿದವಳೇ ಅಲ್ಲ, ಅದರ ಅಗತ್ಯವೂ ಬಿದ್ದಿರಲಿಲ್ಲ. ಸಿಗಡಿಯ ಹಿಕ್ಕೆ, ಉಳಿದ ಮೇವು, ಸತ್ತ ಎಲೆ ಇವೆಲ್ಲ ನೀರಲ್ಲಿ ಕೊಳೆತು ಕೊನೆಗೆ ನೈಟ್ರೇಟ್ ಆಗುತ್ತದೆ. ಗಿಡಗಳಿಗೆ ಅದೇ ಗೊಬ್ಬರ. ಗಿಡ ಚೆನ್ನಾಗಿದ್ದರೆ ಅದನ್ನು ಉಂಡು ನೀರನ್ನು ಹಗುರ ಮಾಡುತ್ತವೆ. ಗಿಡ ಉಣ್ಣಲಾರದಷ್ಟು ಸೇರಿದರೆ ಸಿಗಡಿಗೆ ಅದೇ ವಿಷ. ಈಗ ಆಗಿರುವುದು ಅದೇ ಇರಬೇಕು ಎಂದುಕೊಂಡು ಅವಳು ಹಳೆಯ ಕೆಲಸದ ಜಾಗಕ್ಕೆ ಹೋಗಿ, ನೀರು ಪರೀಕ್ಷಿಸುವ ಹನಿಯ ಬಾಟಲಿಗಳನ್ನು ತಂದಳು. ಗಾಜಿನ ಸಣ್ಣ ನಳಿಗೆಗೆ ತೊಟ್ಟಿಯ ನೀರು ಹಾಕಿ, ಹನಿ ಬಿಟ್ಟು, ಕುಲುಕಿ, ಸ್ವಲ್ಪ ಹೊತ್ತು ಇಡಬೇಕು. ಹಳದಿಯಲ್ಲೇ ನಿಂತರೆ ಒಳ್ಳೆಯದು, ಕಿತ್ತಳೆಗೆ ತಿರುಗಿದರೆ ಎಚ್ಚರ. ಅವಳ ನಳಿಗೆ ಕೆಂಪಾಯಿತು, ದಾಳಿಂಬೆ ಕಾಳಿನ ಕೆಂಪು.

ಆಮೇಲೆ ಅವಳು ಮಾಡದ ಉಪಾಯವಿಲ್ಲ. ಮೇವು ನಿಲ್ಲಿಸಿದಳು. ಹಳದಿಯಾದ ಎಲೆಗಳನ್ನೆಲ್ಲ ಕತ್ತರಿಸಿ ತೆಗೆದಳು. ಕಾಲುವೆಯಿಂದ ಅಂತರಗಂಗೆ ತಂದು ತೇಲಿಬಿಟ್ಟಳು, ಅದು ಬೇಗ ಬೆಳೆಯುತ್ತದೆ, ಬೇಗ ಹೀರುತ್ತದೆ ಎಂದು. ಎಲ್ಲಕ್ಕಿಂತ ಹೆಚ್ಚಾಗಿ ನೀರು ಬದಲಾಯಿಸಿದಳು. ತೊಟ್ಟಿಯ ನೀರು ಅರ್ಧ ತೆಗೆದು ಹೊಸ ನೀರು ತುಂಬಿದರೆ ನೈಟ್ರೇಟ್ ಅರ್ಧವಾಗಬೇಕು, ಇದು ಯಾರಿಗೂ ತಿಳಿಯುವ ಲೆಕ್ಕ. ಅವಳ ತೊಟ್ಟಿಯಲ್ಲಿ ಆಗಲಿಲ್ಲ. ಬದಲಾಯಿಸಿದ ಮರುದಿನವೂ ಅದೇ ಕೆಂಪು, ಒಂದೊಂದು ಸಲ ಇನ್ನೂ ಗಾಢ. ಬಾಟಲಿ ಹಳೆಯದಿರಬೇಕು ಎಂದು ಇನ್ನೊಂದು ತಂದಳು. ಅದೂ ಅದನ್ನೇ ಹೇಳಿತು. ಕೈಯಲ್ಲಿ ಏನೋ ದೋಷ ಸೇರಿಕೊಂಡಿದೆ ಲೀಹುವಾ, ಮುಟ್ಟಿದ್ದೆಲ್ಲ ಸಾಯುತ್ತಿದೆ ಎಂದು ನನ್ನ ಹತ್ತಿರ ಹೇಳಿಕೊಂಡಳು. ಲೀಹುವಾ ಎಂದರೆ ನಾನೇ. ಸಿಗಡಿಗಾಗಿ ಯಾರಾದರೂ ಇಷ್ಟು ಕೊರಗುತ್ತಾರೆಯೇ ಎಂದು ನಾನು ತಮಾಷೆ ಮಾಡಿದೆ. ಅವಳು ನಗಲಿಲ್ಲ.

ಅವಳು ನಗದಿರುವುದಕ್ಕೆ ಬೇರೆ ಕಾರಣವಿತ್ತು. ಮಗುವಿನ ತುಟಿಯ ಸುತ್ತ ಬೂದಿ ಬಡಿದಂತೆ ಕಾಣುತ್ತಿತ್ತು.

ಮೊದಮೊದಲು ಪೇಯ್ರು ತನ್ನ ಹಾಲನ್ನೇ ಹಿಂಡಿ, ಹೆಪ್ಪುಗಟ್ಟಿಸಿ ಚೀಲಗಳಲ್ಲಿ ಕಳಿಸುತ್ತಿದ್ದಳು. ಕೆಲಸದ ಒತ್ತಡದಲ್ಲಿ ಅವಳಿಗೆ ಹಾಲು ಇಳಿಯಿತು. ಪುಡಿ ಹಾಲು ಶುರುವಾಯಿತು. ಸುಚಿಂಗ್ ಹಾಲಿನ ನೀರನ್ನು ಕೆಟಲಿನಲ್ಲಿ ಕುದಿಸಿ, ಕ್ರಿಮಿ ಉಳಿದಿದ್ದರೆ ಎಂದು ಮತ್ತೆ ಕುದಿಸಿ, ಆರಿಸಿ, ಪುಡಿ ಕಲಸಿ ಕೊಡುತ್ತಿದ್ದಳು. ಮಗು ಚೆನ್ನಾಗಿ ಕುಡಿಯುತ್ತಿತ್ತು, ಆದರೆ ವಾರ ಕಳೆದಂತೆ ಮಂಕಾಗುತ್ತಿತ್ತು. ಅಳುವುದೂ ಕಡಿಮೆಯಾಯಿತು. ಪೇಟೆಯ ಮಕ್ಕಳ ವೈದ್ಯರು ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, ಶ್ವಾಸಕೋಶ ಸ್ವಚ್ಛವಾಗಿದೆ, ಆದರೂ ಹೃದಯದ ಸ್ಕ್ಯಾನ್ ಮಾಡಿಸುವುದು ಕ್ಷೇಮ ಎಂದು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಸ್ಕ್ಯಾನ್‌ಗೆ ದಿನ ಗೊತ್ತಾಯಿತು. ಸುಚಿಂಗ್ ಅದಕ್ಕೂ ಕಾಯದೆ, ಬೆಚ್ಚಿಬಿದ್ದ ಮಕ್ಕಳ ಮೈಬಿಟ್ಟು ಹೋದ ಜೀವವನ್ನು ಮತ್ತೆ ಕರೆತರುವ ಮುದುಕಿಯ ಬಳಿಗೆ ಹೋದಳು. ಆ ಮುದುಕಿ ಬಟ್ಟಲು ತುಂಬ ಅಕ್ಕಿಯನ್ನು ಮಗುವಿನ ಅಂಗಿಯಲ್ಲಿ ಸುತ್ತಿ, ತಲೆಯ ಮೇಲೆ ಆಡಿಸಿ, ಮನೆಯ ಹಿಂಬದಿಯಲ್ಲಿ ಏನೋ ಬೆಚ್ಚಿಸಿದೆ ಎಂದಳು.

ಆ ಭಾನುವಾರ ಸಂಜೆ ಪೇಯ್ರು ಮಗುವನ್ನು ತಂದಾಗ ನಾನು ಅಲ್ಲಿಯೇ ಇದ್ದೆ. ಮಗು ಕೆಂಪಗೆ, ಗುಂಡಗೆ, ಕೈಕಾಲು ಬಡಿಯುತ್ತಿತ್ತು. ಪೇಯ್ರು ಒಳ್ಳೆಯ ಹುಡುಗಿ, ಮಾತು ಕಡಿಮೆ. ಆ ದಿನ ಚೀಲ ಕೆಳಗಿಡದೆ ನಿಂತೇ ಮಾತಾಡಿದಳು.

"ಅಮ್ಮ, ಬೇಜಾರು ಮಾಡ್ಕೋಬೇಡಿ. ಎರಡು ದಿನ ನಮ್ಮನೇಲಿದ್ರೆ ಸರಿ ಹೋಗ್ತಾಳೆ. ಇಲ್ಲಿ ಬಿಟ್ಟು ಹೋದ್ರೆ ಮತ್ತೆ ಹೀಗಾಗ್ತಾಳೆ. ಈ ಮನೇಲಿ ಏನೋ ಇದೆ."

"ನಾನು ನೋಡ್ಕೊಳ್ಳೋದ್ರಲ್ಲಿ ಏನಾದ್ರೂ..."

"ನಿಮ್ಮನ್ನ ಅಲ್ಲ ನಾನು ಅಂತಿರೋದು. ಆ ತೊಟ್ಟಿ. ಮಗು ಮಲಗೋ ಕೋಣೇಲೇ ಕೊಳೆತ ನೀರು, ಸತ್ತ ಸಿಗಡಿ. ನಮ್ಮಮ್ಮ ಆಗ್ಲಿಂದ ಹೇಳ್ತಿದಾರೆ. ಅದನ್ನ ತೆಗೆಸಿಬಿಡಿ."

ಸುಚಿಂಗ್ ತೊಟ್ಟಿಯತ್ತ ತಿರುಗಿಯೂ ನೋಡಲಿಲ್ಲ. "ನಾಳೆನೇ ತೆಗೀತೀನಿ," ಎಂದಳು. ಪೇಯ್ರುವಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ ಎಂದು ಅವಳ ಮುಖ ಹೇಳುತ್ತಿತ್ತು. ಮಗುವನ್ನು ವಾಪಸು ಎತ್ತಿಕೊಂಡಳು, ಮತ್ತೆ ಇಳಿಸಿದಳು. ತಿಂಗಳ ಕೊನೆ, ಕಚೇರಿಯಲ್ಲಿ ರಜೆ ಕೇಳುವಂತಿರಲಿಲ್ಲ. ಸ್ಕ್ಯಾನ್ ದಿನ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೊರಟಳು.

ಮರುದಿನ ಬೆಳಗಿನ ಗಿರಾಕಿಗಳು ಮುಗಿದ ಮೇಲೆ ತೊಟ್ಟಿ ಎತ್ತಿಸಲು ನಾನು ಹೋದೆ. ಉಳಿದಿದ್ದ ಸಿಗಡಿಗಳನ್ನು ಹಳೆಯ ಮಾಲೀಕನಿಗೆ ಕೊಟ್ಟುಬರುವುದೆಂದು ಸುಚಿಂಗ್ ನಿಶ್ಚಯಿಸಿದ್ದಳು. ಮಗು ಆಗಷ್ಟೇ ಹಾಲು ಕುಡಿದು ತೊಟ್ಟಿಲಲ್ಲಿ ಮಲಗಿತ್ತು. ಸುಚಿಂಗ್ ಹೊಸ ಪ್ಲಾಸ್ಟಿಕ್ ಬಕೆಟ್ ತೊಳೆದು, ಬಾವಿಯ ಪಂಪಿಗೆ ಸೇರಿಸಿದ್ದ ಅಂಗಳದ ನಲ್ಲಿಯಿಂದ ನೀರು ತುಂಬಿ ತಂದಳು. ಸಿಗಡಿಯನ್ನು ಒಂದು ನೀರಿನಿಂದ ಇನ್ನೊಂದು ನೀರಿಗೆ ಬಿಡುವ ಮುಂಚೆ ಎರಡನ್ನೂ ಹೋಲಿಸಿ ನೋಡುವುದು ಅವರ ಕೇಂದ್ರದ ರೂಢಿ. ಸಾಯುತ್ತಿರುವ ಜೀವಗಳು, ಇನ್ನೊಂದು ಪೆಟ್ಟು ಬೇಡ ಎಂದುಕೊಂಡಳೋ ಏನೋ, ಅಭ್ಯಾಸದ ಕೈ ನಳಿಗೆಗೆ ಬಕೆಟ್ಟಿನ ನೀರು ತುಂಬಿ ಹನಿ ಬಿಟ್ಟಿತು. ಕುಲುಕಿ ಕಿಟಕಿಯ ಕಟ್ಟೆಯ ಮೇಲಿಟ್ಟು, ಗಿಡ ಕೀಳತೊಡಗಿದಳು. ನಾನು ಗಿಡಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಅವಳ ಕೈ ನಿಂತಿತು. ನಳಿಗೆಯ ನೀರು ಕೆಂಪಾಗಿತ್ತು.

"ಲೀಹುವಾ, ಈ ಬಕೆಟ್ಟಲ್ಲಿ ಸಿಗಡಿ ಇಲ್ಲ," ಎಂದಳು. ದನಿ ಬಹಳ ಮೆಲ್ಲಗಿತ್ತು. "ಎಲೆ ಇಲ್ಲ, ಮೇವಿಲ್ಲ, ಏನೂ ಇಲ್ಲ. ಈಗ ತಾನೆ ನಲ್ಲಿಯಿಂದ ತಂದಿದ್ದು."

ನನಗೆ ತಲೆಬುಡ ತಿಳಿಯಲಿಲ್ಲ. ಬಕೆಟ್ ಸರಿಯಾಗಿ ತೊಳೆದಿಲ್ಲವೇನೋ ಎಂದೆ. ಅವಳು ಅಂಗಳಕ್ಕೆ ಹೋಗಿ, ನಲ್ಲಿಯ ಬಾಯಿಗೇ ನಳಿಗೆ ಹಿಡಿದು ತಂದಳು. ಅದೂ ಕೆಂಪು. ಅವಳು ಇಷ್ಟು ದಿನ ನೈಟ್ರೇಟ್ ಕಡಿಮೆ ಮಾಡುತ್ತೇನೆಂದು ತೊಟ್ಟಿಗೆ ನೈಟ್ರೇಟನ್ನೇ ಸುರಿಯುತ್ತಿದ್ದಳು. ಪಾಪ, ಗಿಡಗಳು ಉಂಡಷ್ಟು ಉಂಡಿದ್ದವು. ಇಷ್ಟು ನನಗೂ ಹೊಳೆಯಿತು. ಆದರೆ ಅವಳ ಕಣ್ಣು ಆಗಲೇ ಅಡುಗೆಮನೆಯ ಕಡೆ ಹೋಗಿತ್ತು. ಕೆಟಲಿನ ತಳದಲ್ಲಿ ಮಗುವಿನ ಹಾಲಿಗೆ ಕುದಿಸಿದ್ದ ನೀರು ಉಳಿದಿತ್ತು. ಅದನ್ನು ನಳಿಗೆಗೆ ಬಗ್ಗಿಸುವಾಗ ಅರ್ಧ ನೆಲದ ಮೇಲೆ ಚೆಲ್ಲಿತು. ಹನಿ ಬಿಟ್ಟು ಕುಲುಕಿ ಹಿಡಿದುಕೊಂಡೇ ನಿಂತಳು. ಈ ಸಲ ಕಾಯಬೇಕಾಗಲಿಲ್ಲ. ನೋಡುತ್ತಿದ್ದಂತೆಯೇ ರಕ್ತದ ಬಣ್ಣಕ್ಕೆ ಹೋಯಿತು, ಮೊದಲಿನ ಎರಡಕ್ಕಿಂತ ಗಾಢ.

ನಾನು ತೊಟ್ಟಿಲಿನ ಬಳಿ ಓಡಿದೆ. ಮಗುವಿನ ತುಟಿ ಹಿಪ್ಪುನೇರಳೆ ಹಣ್ಣು ತಿಂದ ಬಾಯಿಯಂತಿತ್ತು. ಉಗುರುಗಳೂ ಹಾಗೆಯೇ. ಮುಟ್ಟಿದರೆ ಕಣ್ಣು ತೆರೆಯಿತು, ಮತ್ತೆ ಮುಚ್ಚಿತು, ಅಳಲಿಲ್ಲ.

ನನ್ನ ಅಂಗಡಿಯ ಸಾಮಾನಿನ ವ್ಯಾನು ಬಾಗಿಲಲ್ಲಿಯೇ ಇತ್ತು. ಸೋಯಾ ಹಾಲಿನ ಕ್ಯಾನುಗಳನ್ನು ರಸ್ತೆಗೆ ಇಳಿಸಿ, ಹಿಂದೆ ಅವಳನ್ನೂ ಮಗುವನ್ನೂ ಕೂರಿಸಿಕೊಂಡು ಹೊರಟೆ. ಕೈಯಲ್ಲಿದ್ದ ನಳಿಗೆಗೆ ಮುಚ್ಚಳ ಹಾಕಿ ಅವಳು ಅಂಗಿಯ ಜೇಬಿಗೆ ಹಾಕಿಕೊಂಡದ್ದನ್ನು ನೋಡಿದೆ. ಪೇರಲ ತೋಟಗಳ ನಡುವಿನ ಆ ರಸ್ತೆಯಲ್ಲಿ ನಾನು ಅಷ್ಟು ಜೋರಾಗಿ ಯಾವತ್ತೂ ಓಡಿಸಿರಲಿಲ್ಲ. ನಮ್ಮ ಮುಂದೆ ಹಂದಿ ತುಂಬಿದ ಲಾರಿಯೊಂದು ನಿಧಾನಕ್ಕೆ ಹೋಗುತ್ತಿತ್ತು, ದಾಟಲು ಜಾಗವಿಲ್ಲ. ಹಾರ್ನ್ ಒತ್ತಿ ಒತ್ತಿ ನನ್ನ ಕೈ ಮರಗಟ್ಟಿತು. ಹಿಂದೆ ಸುಚಿಂಗ್ ಮಗುವಿನ ಅಂಗಾಲನ್ನು ಬೆರಳಿನಿಂದ ಹೊಡೆಯುತ್ತ, ಎದ್ದಿರು, ಬೈದರೂ ಬೈ, ಎದ್ದಿರು ಎನ್ನುತ್ತಿದ್ದಳು. ಪೇಯ್ರುವಿಗೆ ಫೋನ್ ಹೋಗುತ್ತಿತ್ತು, ಯಾರೂ ಎತ್ತಲಿಲ್ಲ. ಪೊಯೆನ್ ಕ್ರೇನಿನ ಮೇಲಿರುವಾಗ ಫೋನ್ ಇಟ್ಟುಕೊಳ್ಳುವಂತಿಲ್ಲ.

ತುರ್ತು ವಿಭಾಗದಲ್ಲಿದ್ದ ವೈದ್ಯೆ ಕಿರಿಯ ವಯಸ್ಸಿನವಳು, ಕೂದಲನ್ನು ಪೆನ್ನಿನಿಂದ ಗಂಟು ಹಾಕಿಕೊಂಡಿದ್ದಳು. ಮಗುವಿನ ಮುಖಕ್ಕೆ ಆಮ್ಲಜನಕದ ಮುಖವಾಡ ಹಿಡಿಸಿದಳು. ಎಷ್ಟು ಕೊಟ್ಟರೂ ಯಂತ್ರದ ಅಂಕಿ ಏರಲಿಲ್ಲ, ತುಟಿಯ ಬಣ್ಣ ಬದಲಾಗಲಿಲ್ಲ. ಅವಳು ಸೂಜಿಯಿಂದ ಸ್ವಲ್ಪ ರಕ್ತ ತೆಗೆದು, ಬಿಳಿ ಬಟ್ಟೆಯ ಮೇಲೆ ಒಂದು ತೊಟ್ಟು ಬಿಟ್ಟಳು. ಆ ತೊಟ್ಟು ಸೋಯಾ ಸಾಸ್ ಚೆಲ್ಲಿದಂತೆ ಕಂದಾಗಿತ್ತು. ಗಾಳಿ ಆಡಿದ ಮೇಲೂ ಕೆಂಪಾಗಲಿಲ್ಲ. ಅವಳು ತಲೆ ಎತ್ತಿ, "ಮನೇಲಿ ಬಾವಿ ನೀರಾ?" ಎಂದಳು.

ಸುಚಿಂಗ್ ಜೇಬಿನಿಂದ ನಳಿಗೆ ತೆಗೆದು ಮೇಜಿನ ಮೇಲಿಟ್ಟಳು. ಇದು ಮೀನಿನ ತೊಟ್ಟಿಗೆ ಬಳಸುವ ಪರೀಕ್ಷೆ, ಇದು ಮಗುವಿನ ಹಾಲಿನ ನೀರು ಎಂದಷ್ಟೇ ಹೇಳಿದಳು. ವೈದ್ಯೆ ಅದನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದಳು. ನನ್ನ ಅನುಮಾನವೂ ಇದೇ ಇತ್ತು, ಇದು ಸಿಕ್ಕಿದ್ದು ಒಳ್ಳೆಯದಾಯಿತು ಎಂದಳು. ಎಳೆಯ ಮಗುವಿನ ಹೊಟ್ಟೆಯಲ್ಲಿ ನೈಟ್ರೇಟ್ ಬೇರೆ ರೂಪಕ್ಕೆ ತಿರುಗಿ ರಕ್ತಕ್ಕೆ ಸೇರುತ್ತದೆ, ಆಮೇಲೆ ಆ ರಕ್ತಕ್ಕೆ ಗಾಳಿಯನ್ನು ಹೊರುವ ಶಕ್ತಿ ಇರುವುದಿಲ್ಲ, ದೊಡ್ಡವರಿಗೆ ತಡೆಯುತ್ತದೆ, ಮಗುವಿಗೆ ತಡೆಯುವುದಿಲ್ಲ ಎಂದು ಕೆಲಸ ಮಾಡುತ್ತಲೇ ಹೇಳಿದಳು.

"ನಾನು ಚೆನ್ನಾಗಿ ಕುದಿಸ್ತಿದ್ದೆ," ಎಂದಳು ಸುಚಿಂಗ್. "ಎರಡೆರಡು ಸಲ ಕುದಿಸ್ತಿದ್ದೆ."

ವೈದ್ಯೆ ಅವಳತ್ತ ತಿರುಗಿದಳು. "ಕುದಿಸಿದ್ರೆ ಇದು ಹೋಗಲ್ಲಮ್ಮ. ನೀರು ಆವಿ ಆಗುತ್ತೆ, ಇದು ಅಲ್ಲೇ ಉಳಿಯುತ್ತೆ."

ಸುಚಿಂಗ್ ಗೋಡೆಗೆ ಕೈ ಊರಿದಳು. ನಾನು ಹಿಡಿದುಕೊಳ್ಳಲು ಹೋದರೆ ಬೇಡ ಎಂಬಂತೆ ಕೈ ತೆಗೆದಳು.

ನರ್ಸು ಔಷಧಿ ತಂದಳು. ಸಿರಿಂಜಿನೊಳಗೆ ಕಡುನೀಲಿ, ಶಾಯಿಯಂಥ ನೀಲಿ. ಅದನ್ನು ನೋಡಿದ್ದೇ ಸುಚಿಂಗ್ ಮಗುವಿಗೂ ನರ್ಸಿಗೂ ನಡುವೆ ಬಂದು ನಿಂತಳು. "ಅದು ಮೀನಿನ ಔಷಧಿ," ಎಂದಳು. "ಮೊಟ್ಟೆಗೆ ಬೂಷ್ಟು ಹಿಡಿದ್ರೆ ಹಾಕ್ತೀವಿ. ನನ್ನ ಕೈ ವರ್ಷಗಟ್ಟಲೆ ಇದೇ ಬಣ್ಣ ಇತ್ತು. ಅದನ್ನ ಮಗೂಗೆ ಹಾಕ್ತೀರಾ?"

ವಸ್ತು ಅದೇ, ಇದನ್ನು ಮನುಷ್ಯರಿಗೆಂದು ಶುದ್ಧ ಮಾಡಿರುತ್ತಾರೆ, ರಕ್ತವನ್ನು ಮತ್ತೆ ಸರಿದಾರಿಗೆ ತರುವುದು ಇದೇ ಎಂದು ವೈದ್ಯೆ ಸಮಾಧಾನವಾಗಿಯೇ ಹೇಳಿದಳು. ಸುಚಿಂಗ್ ಪಕ್ಕಕ್ಕೆ ಸರಿದಳು. ಸೂಜಿ ಚುಚ್ಚುವ ಮುಂಚೆ ವೈದ್ಯೆ ಇನ್ನೊಂದು ಪ್ರಶ್ನೆ ಕೇಳಿದಳು: ಮಗುವಿಗೆ ಅವರೆಕಾಳು ರೋಗ ಇದೆಯೇ?

ನಮ್ಮಲ್ಲಿ ಅದು ಅಪರೂಪವಲ್ಲ. ಹುಟ್ಟಿನಿಂದ ಬರುವ ದೋಷ. ಅಂಥವರು ಒಂದು ಜಾತಿಯ ಅವರೆಕಾಳು ತಿಂದರೆ, ಬಟ್ಟೆಯ ನಡುವೆ ಇಡುವ ನುಸಿಗುಳಿಗೆಯ ವಾಸನೆ ಎಳೆದುಕೊಂಡರೆ ರಕ್ತ ಒಡೆದುಹೋಗುತ್ತದೆ. ಆ ರೋಗವಿದ್ದ ಮಗುವಿಗೆ ಈ ನೀಲಿ ಔಷಧಿ ಕೊಟ್ಟರೆ ಉಳಿಸುವ ಬದಲು ಕೊಲ್ಲಬಹುದು. ಹುಟ್ಟಿದ ಕೂಡಲೇ ಎಲ್ಲ ಮಕ್ಕಳಿಗೂ ಪರೀಕ್ಷೆ ಮಾಡುತ್ತಾರೆ. ಆದರೆ ಮಗು ಹುಟ್ಟಿದ್ದು ಕಾವ್‌ಶ್ಯುಂಗ್‌ನಲ್ಲಿ, ಈ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಆ ವರದಿ ಸಿಗಲಿಲ್ಲ. ಗೊತ್ತಿಲ್ಲ ಎನ್ನಲು ಹೊರಟ ಸುಚಿಂಗ್ ತಟ್ಟನೆ ನಿಂತಳು. ಮಗು ಮೊದಲ ಸಲ ಬಂದ ದಿನ ಪೇಯ್ರು ಬೀರುವಿನಲ್ಲಿದ್ದ ನುಸಿಗುಳಿಗೆಗಳನ್ನೆಲ್ಲ ಹೆಕ್ಕಿ ಹೊರಗೆ ಹಾಕಿಸಿದ್ದಳಂತೆ. ಯಾಕೆ ಎಂದು ಇವಳು ಕೇಳಿರಲಿಲ್ಲ.

ಅದನ್ನು ಕೇಳಿ ವೈದ್ಯೆಯ ಕೈ ಹಿಂದಕ್ಕೆ ಬಂತು. ಈ ಔಷಧಿ ಬಿಟ್ಟರೆ ಉಳಿದಿರುವುದು ರಕ್ತವನ್ನೇ ಬದಲಾಯಿಸುವ ದಾರಿ, ಅದಕ್ಕೆ ಸಿದ್ಧತೆ ಬೇಕು, ಹೊತ್ತು ಹಿಡಿಯುತ್ತದೆ, ಹೊತ್ತು ಬಹಳ ಇಲ್ಲ ಎಂದಳು. ನರ್ಸಿಗೆ ರಕ್ತನಿಧಿಗೆ ಹೇಳಿಕಳಿಸಲು ಸೂಚಿಸಿ, ತಾಯಿಯನ್ನು ಫೋನಿನಲ್ಲಿ ಹಿಡಿಯಿರಿ, ಏನಾದರೂ ಮಾಡಿ ಹಿಡಿಯಿರಿ ಎಂದು ನಮ್ಮತ್ತ ತಿರುಗಿದಳು.

ನಾನು ಪೇಯ್ರುವಿನ ನಂಬರು ಒತ್ತಿದೆ. ಎತ್ತಲಿಲ್ಲ. ಮತ್ತೆ ಒತ್ತಿದೆ. ಸುಚಿಂಗ್ ಮಗುವಿನ ಪಾದವನ್ನು ಹಿಡಿದುಕೊಂಡಿದ್ದಳು. ಪಾದದ ಬಣ್ಣ ಸೀಸದಂತಾಗಿತ್ತು. ಮಗು ಈಗ ಕಣ್ಣನ್ನೂ ತೆರೆಯುತ್ತಿರಲಿಲ್ಲ, ಎದೆ ಮಾತ್ರ ಹಕ್ಕಿಮರಿಯದರಂತೆ ಬೇಗಬೇಗ ಏರಿಳಿಯುತ್ತಿತ್ತು. ಫೋನಿನಲ್ಲಿ ಅದೇ ಗಂಟೆ ಮತ್ತೆ ಮತ್ತೆ. ಕೊನೆಗೆ ಯಾರೋ ಎತ್ತಿದರು. ಪೇಯ್ರು ಅಲ್ಲ, ಅವಳ ಪಕ್ಕದ ಮೇಜಿನವಳು. ಮೇಜಿನ ಖಾನೆಯಲ್ಲಿ ಫೋನು ನಿಲ್ಲದೆ ಗುಂಯ್‌ಗುಟ್ಟುವುದು ಕೇಳಿ ತೆಗೆದಿದ್ದಳು. ಮಗುವಿನ ಜೀವದ ಪ್ರಶ್ನೆ, ಓಡಿ ಕರೆಯಮ್ಮ ಎಂದೆ. ಆ ಹೆಂಗಸಿನ ಚಪ್ಪಲಿ ಸದ್ದು ದೂರವಾಯಿತು, ಆಮೇಲೆ ಬೇರೆ ಹೆಜ್ಜೆ ಓಡಿ ಬಂತು. ವೈದ್ಯೆ ನನ್ನ ಕೈಯಿಂದ ಫೋನು ಕಿತ್ತುಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಇಲ್ಲ," ಎಂದಳು ಪೇಯ್ರು. ನಮಗೂ ಕೇಳಿಸಿತು. "ಆ ರೋಗ ಇಲ್ಲ. ಹುಟ್ಟಿದಾಗ್ಲೇ ನೋಡಿದ್ರು, ಇಲ್ಲ ಅಂತ ಬಂತು. ನಾನೇ ಎರಡು ಸಲ ಕೇಳ್ಕೊಂಡೆ."

"ಖಂಡಿತ ತಾನೆ? ಮನೇಲಿ ನುಸಿಗುಳಿಗೆ ತೆಗೆಸಿದ್ರಂತೆ."

"ಅದು ವಾಸನೆಗೆ. ನನಗೆ ತಲೆನೋವು ಬರುತ್ತೆ. ನನ್ನ ಮಗೂಗೆ ಏನಾಗಿದೆ?"

ವೈದ್ಯೆ ಫೋನನ್ನು ನನಗೆ ಕೊಟ್ಟು ಸೂಜಿ ಚುಚ್ಚಿದಳು. ನಿಧಾನವಾಗಿ, ಹನಿಹನಿಯಾಗಿ ಆ ನೀಲಿ ಒಳಗೆ ಹೋಯಿತು. ಆಮೇಲೆ ಮಾಡಲು ಯಾರಿಗೂ ಏನೂ ಇರಲಿಲ್ಲ. ಎಲ್ಲರೂ ಮಗುವಿನ ಬಾಯನ್ನೇ ನೋಡುತ್ತ ನಿಂತೆವು. ಪೇಯ್ರು ಏನಾಗಿದೆ ಎಂದು ಫೋನಿನಲ್ಲಿ ಕೇಳುತ್ತಲೇ ಇದ್ದಳು. ಯಂತ್ರದ ಅಂಕಿ ಮೊದಲು ಇನ್ನೂ ಕೆಳಗಿಳಿಯಿತು. ಸುಚಿಂಗಳ ಬಾಯಿಂದ ಒಂದು ಸದ್ದು ಬಂತು. ಔಷಧಿಯ ಬಣ್ಣಕ್ಕೆ ಯಂತ್ರ ಮೋಸಹೋಗುತ್ತದೆ, ಅದನ್ನು ನೋಡಬೇಡಿ, ಮಗುವನ್ನು ನೋಡಿ ಎಂದಳು ವೈದ್ಯೆ. ನೋಡಿದೆವು. ಕೆಳದುಟಿಯ ನಡುವೆ ಒಂದು ಗೆರೆಯಷ್ಟು ಜಾಗ ಕೆಂಪಾಯಿತು. ಆ ಕೆಂಪು ಹರಡಿತು. ಹರಡುತ್ತಿದ್ದಂತೆ ಮಗು ಒಮ್ಮೆ ಮುಖ ಕಿವುಚಿ, ಇಡೀ ವಿಭಾಗಕ್ಕೆ ಕೇಳುವಂತೆ ಅತ್ತಿತು. ನಾನು ಫೋನನ್ನು ಅದರ ಬಾಯಿಯ ಹತ್ತಿರ ಹಿಡಿದೆ.

ಪೇಯ್ರು ಬಂದಾಗ ಮಗು ವಾರ್ಡಿನಲ್ಲಿ ಮಲಗಿತ್ತು. ಸುಚಿಂಗ್ ಎದ್ದು ನಿಂತು, ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದಳು: ಬಾವಿ, ಕೆಟಲು, ಎರಡೆರಡು ಸಲ ಕುದಿಸಿದ್ದು. ಪೇಯ್ರು ಕೇಳಿಸಿಕೊಂಡು ನೇರ ಹೊರಗೆ ಹೋದಳು. ಇನ್ನು ಈ ಅತ್ತೆ ಸೊಸೆಯ ಕಥೆ ಮುಗಿಯಿತು ಎಂದುಕೊಂಡೆ. ಬಹಳ ಹೊತ್ತಿನ ಮೇಲೆ ಒಳಗೆ ಬಂದು ಹಾಸಿಗೆಯ ಆಚೆ ಬದಿಗೆ ಕೂತಳು. ಕಣ್ಣು ಊದಿತ್ತು.

"ಆಫೀಸಲ್ಲಿ ಎಲ್ಲರ ಹತ್ರ ಹೇಳ್ಕೋತಿದ್ದೆ," ಎಂದಳು. "ನಮ್ಮತ್ತೆ ಒಂದಲ್ಲ, ಎರಡು ಸಲ ಕುದಿಸ್ತಾರೆ ಅಂತ. ಜಂಬದಿಂದ ಹೇಳ್ತಿದ್ದೆ."

ಸುಚಿಂಗ್ ಆಗ ಅತ್ತಳು. ಅಲ್ಲಿಯವರೆಗೆ ಅತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಅವಳು ಮಾಡಿದ ಮೊದಲ ಕೆಲಸ ಪಂಪಿನ ತಂತಿ ಕಿತ್ತದ್ದು. ಎರಡನೆಯದು ಹನಿಯ ಬಾಟಲಿ ಹಿಡಿದು ಓಣಿಯ ಮನೆಮನೆಗೆ ಹೋದದ್ದು. ನನ್ನ ಬಾವಿಯೂ ಕೆಂಪು ತೋರಿಸಿತು. ನಲ್ಲಿ ಸಂಪರ್ಕ ಬರುವವರೆಗೆ ನಾನು ಅಂಗಡಿ ಮುಚ್ಚಿದೆ. ಎಲ್ಲರೂ ಅವಳನ್ನು ಆದರದಿಂದ ಕಾಣಲಿಲ್ಲ. ಊರಿನ ಪೇರಲ ಹಣ್ಣಿನ ವ್ಯಾಪಾರಿಗಳಿಗೆ ಸುದ್ದಿ ಹೋದರೆ ಏನು ಗತಿ ಎಂದು ಕೆಲವರು ಬಾಗಿಲು ಹಾಕಿಕೊಂಡರು. ಇಷ್ಟು ವರ್ಷ ಕುಡಿದವರು ಸತ್ತೆವಾ ಎಂದು ಕೇಳಿದವರೂ ಇದ್ದರು. ಅವಳು ವಾದ ಮಾಡಲಿಲ್ಲ. ಮನೆಯಲ್ಲಿ ಎಳೆ ಮಗು ಇದೆಯಾ, ಬಸುರಿ ಇದ್ದಾಳಾ ಎಂದಷ್ಟೇ ಕೇಳಿ, ಇಲ್ಲವೆಂದರೆ ಮುಂದಿನ ಮನೆಗೆ ಹೋಗುತ್ತಿದ್ದಳು.

ಅವಳ ಮನೆಯ ಹಿಂದಿನ ಗೋಡೆಯಾಚೆ ಬಹುಕಾಲ ಬೀಳುಬಿದ್ದಿದ್ದ ಹೊಲವನ್ನು ಆ ವರ್ಷವೇ ಕುವೋ ಎಂಬುವನು ಪರಂಗಿ ಬೆಳೆಯಲು ಹಿಡಿದಿದ್ದ. ಕೋಳಿ ಗೊಬ್ಬರವನ್ನು ಗೋಡೆಗೆ ಒತ್ತಿ ಗುಡ್ಡೆ ಹಾಕಿದ್ದ, ಜಡಿಮಳೆ ಅದರ ಮೇಲೆಯೇ ಸುರಿದಿತ್ತು. ಅವನು ಬಂದು ಅಂಗಳದಲ್ಲಿ ನಿಂತು, ನಾನು ಗೊಬ್ಬರ ಹಾಕಿದ್ದು ನನ್ನ ನೆಲಕ್ಕೆ, ನಿನ್ನ ಬಾವಿಗಲ್ಲ ಎಂದ. ನೀರಿನ ಇಲಾಖೆಯವರು ಬಂದು ನೋಡಿದಾಗ ಬಾವಿಯೊಳಗಿನ ಕಬ್ಬಿಣದ ಕೊಳವೆ ತುಕ್ಕು ಹಿಡಿದು ಮೇಲ್ಭಾಗದಲ್ಲಿಯೇ ಒಡೆದಿತ್ತು. ಗೊಬ್ಬರದ ನೀರು ನೇರ ಒಳಗೆ ಇಳಿದಿತ್ತು. ಓಣಿಯ ಉಳಿದ ಬಾವಿಗಳ ಕೆಂಪಿಗೆ ಕುವೋ ಒಬ್ಬನೇ ಕಾರಣನೂ ಅಲ್ಲ, ಸುತ್ತಲ ತೋಟಗಳೆಲ್ಲ ವರ್ಷಗಳಿಂದ ಸುರಿದದ್ದು ನೆಲದೊಳಗೆ ಸೇರಿದೆ ಎಂದರು. ಕುವೋ ಕ್ಷಮೆ ಕೇಳಲಿಲ್ಲ. ಆದರೆ ಗುಡ್ಡೆಯನ್ನು ಅಲ್ಲಿಂದ ಸಾಗಿಸಿ, ಮೇಲೆ ತಾಡಪಾಲು ಹೊದಿಸಿದ. ಹಣ್ಣಾಗುವ ಕಾಲಕ್ಕೆ ಗೋಡೆಯ ಮೇಲೆ ಪರಂಗಿ ಇಟ್ಟು ಹೋಗುತ್ತಿದ್ದ.

ಬಾವಿಯ ಬಾಯಿಗೆ ಸಿಮೆಂಟು ಹಾಕಿಸಿದ ದಿನ ಸುಚಿಂಗ್ ಗಂಡನ ಪಟದ ಮುಂದೆ ನಿಂತು ಮಾತಾಡಿದಳು. ಅವನೆದುರು ಅವಳು ಬಾಯಿಬಿಟ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ನೀನು ಕೊರೆದಾಗ ಒಳ್ಳೇ ನೀರೇ ಇತ್ತು. ನನಗೆ ಗೊತ್ತು. ಆದ್ರೆ ಈಗ ಇಲ್ಲ. ಕೋಪ ಮಾಡ್ಕೋಬೇಡ."

ತೊಟ್ಟಿಯನ್ನು ಅವಳು ಎತ್ತಿಸಲಿಲ್ಲ. ಹಳೆಯ ಮಾಲೀಕ ಕೇಂದ್ರದಿಂದ ಕ್ಯಾನುಗಳಲ್ಲಿ ನೀರು ಕಳಿಸಿದ. ಬದುಕಿದ್ದ ಕೆಲವೇ ಸಿಗಡಿಗಳು ಅದರಲ್ಲಿ ಚೇತರಿಸಿಕೊಂಡವು. ಪೇಯ್ರು ಆಮೇಲೆ ಬಹಳ ತಿಂಗಳು ಮಗುವನ್ನು ಇಲ್ಲಿ ಬಿಡಲಿಲ್ಲ. ಸುಚಿಂಗಳೇ ಕಾವ್‌ಶ್ಯುಂಗ್‌ಗೆ ಹೋಗಿ ವಾರವಿಡೀ ಅವರ ಫ್ಲ್ಯಾಟಿನಲ್ಲಿದ್ದು, ಶನಿವಾರ ಬಂದು ಗಿಡ ಕತ್ತರಿಸಿ, ನೀರು ಬದಲಾಯಿಸಿ ಹೋಗುತ್ತಿದ್ದಳು. ನಡುವೆ ಸಿಗಡಿಗೆ ಮೇವು ಹಾಕುವ ಕೆಲಸ ನನ್ನದಾಯಿತು. ಹೆಚ್ಚು ಹಾಕಿದ್ದೀಯಾ ಎಂದು ಅಲ್ಲಿಂದಲೇ ಫೋನಿನಲ್ಲಿ ಬೈಯುತ್ತಿದ್ದಳು.

ಮಗು ನಡೆಯತೊಡಗಿದ ಮೇಲೆ ಒಂದು ಭಾನುವಾರ ಪೇಯ್ರು ಅದನ್ನು ಮತ್ತೆ ತಂದಳು, ಒಂದು ವಾರ ಬಿಟ್ಟಿರಲು. ಚೀಲ ಇಳಿಸಿ ನೇರ ಅಡುಗೆಮನೆಗೆ ಹೋಗಿ, ಹೊಸ ನಲ್ಲಿಯ ನೀರನ್ನು ಗಾಜಿನ ನಳಿಗೆಗೆ ಹಿಡಿದಳು. ಹನಿಯ ಬಾಟಲಿಯನ್ನು ಅವಳೇ ಕೊಂಡು ತಂದಿದ್ದಳು. ಅತ್ತೆಗೆ ಎಲ್ಲಿ ನೋವಾಗುತ್ತದೋ ಎಂದು ನನಗೆ ಮುಜುಗರವಾಯಿತು. ಸುಚಿಂಗ್ ಮಾತ್ರ ಪಕ್ಕಕ್ಕೆ ಬಂದು, ಎರಡನೇ ಬಾಟಲಿ ಜೋರಾಗಿ ಕುಲುಕಬೇಕು, ಇಲ್ಲದಿದ್ದರೆ ಸುಳ್ಳು ಹೇಳುತ್ತದೆ ಎಂದು ತೋರಿಸಿಕೊಟ್ಟಳು. ಇಬ್ಬರೂ ನಳಿಗೆಯನ್ನು ಕಟ್ಟೆಯ ಮೇಲಿಟ್ಟು ಕಾದರು. ಮಗು ಅವರ ಕಾಲುಗಳ ನಡುವೆ ನುಗ್ಗಿ ಅದಕ್ಕೆ ಕೈ ಚಾಚುತ್ತಿತ್ತು.

ಹಳದಿ ಹಳದಿಯಾಗಿಯೇ ಉಳಿಯಿತು.

"ಇನ್ನೊಂದು ಸ್ವಲ್ಪ ಹೊತ್ತು ನೋಡೋಣ," ಎಂದಳು ಪೇಯ್ರು.

"ನೋಡು," ಎಂದಳು ಸುಚಿಂಗ್. "ಅವಸರ ಏನಿಲ್ಲ."

ಇನ್ನೂ ಸ್ವಲ್ಪ ಹೊತ್ತು ನಿಂತು ನೋಡಿ, ಪೇಯ್ರು ಕೆಟಲಿಗೆ ನೀರು ತುಂಬಿ ಅತ್ತೆಯ ಕೈಗೆ ಕೊಟ್ಟಳು.